‘ಬಂಜೆ’ ಎಂಬ ಮಾತು ಸುಳ್ಳಾದ ಬಗೆ

ಬೈಗುಳಗಳ ಸಾಲಿಗೆ ಸೇರದಿದ್ದರೂ ಬೈಗುಳಕ್ಕಿಂತ ಆಳವಾದ ಗಾಯವನ್ನು ಮಾಡಬಲ್ಲ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ನಮ್ಮ ಕನ್ನಡದಲ್ಲಿ ‘ಬಂಜೆ’ ಎಂಬುದು ಅಂಥದೊಂದು ಮಾತು. ಇದು ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವವೆಂದು ವ್ಯಾಕರಣ ಹೇಳುತ್ತದೆ. ಮಕ್ಕಳಾಗದವಳು ಎಂದು ನಿಘಂಟು ಅರ್ಥ ಕೊಡುತ್ತದೆ. ಆದರೆ ನಿಘಂಟಿನ ಅರ್ಥ ಬೇರೆ, ಮನೆಯಂಗಳದ ಅರ್ಥ ಬೇರೆ. ಅಂಗಳದಲ್ಲಿ ಈ ಮಾತು ಒಂದು ತೀರ್ಪು. ಮದುವೆಯಾಗಿ ನಾಲ್ಕೈದು ವರ್ಷಗಳಾದರೂ ತೊಟ್ಟಿಲು ಕಟ್ಟದ ಮನೆಯ ಸೊಸೆಯನ್ನು ಸೀಮಂತಕ್ಕೂ ನಾಮಕರಣಕ್ಕೂ ಕರೆಯಲು ಹಿಂದೆಗೆಯುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಜನಪದ ತ್ರಿಪದಿಗಳಲ್ಲಿ ಬಂಜೆಯ ಗೋಳು ಒಂದು ಪ್ರತ್ಯೇಕ ವಸ್ತುವೇ ಆಗಿದೆ. ಊರೂರಿನ ಅರಳಿಕಟ್ಟೆಗಳಲ್ಲಿ ನಿಂತಿರುವ ನಾಗರಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಸಂತಾನವನ್ನು ಬೇಡಿ ಪ್ರತಿಷ್ಠೆ ಮಾಡಿಸಿದವು. ಗಂಡಸಿನ ಪಾಲಿಗೆ ಇದಕ್ಕೆ ಸರಿಸಮನಾದ ಮಾತೊಂದು ಆಡುನುಡಿಯಲ್ಲಿ ಬೆಳೆಯಲಿಲ್ಲ ಎಂಬುದೂ ಗಮನಿಸತಕ್ಕ ಸಂಗತಿಯೇ.

ಈ ತೀರ್ಪಿಗೆ ಗುರಿಯಾದ ಹೆಂಗಸರಲ್ಲಿ ಬಹಳ ಮಂದಿಗೆ ಇದ್ದ ತೊಂದರೆ ಯಾವುದೆಂದು ಇಂದಿನ ವೈದ್ಯಶಾಸ್ತ್ರ ಹೇಳಬಲ್ಲದು. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂದು ಅದರ ಹೆಸರು, ಪಿ.ಸಿ.ಓ.ಎಸ್. ಎಂಬ ನಾಲ್ಕು ಅಕ್ಷರಗಳಲ್ಲಿ ಅದು ಈಗ ಮನೆಮನೆಯ ಮಾತಾಗಿದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಮುಖದ ಮೇಲೆ ಕೂದಲು ಮೂಡುವುದು, ಮೊಡವೆ, ಕೆಲವರಲ್ಲಿ ಮೈತೂಕ ಏರುವುದು, ಗರ್ಭ ಕಟ್ಟಲು ತಡವಾಗುವುದು – ಇವು ಅದರ ಮುಖ್ಯ ಲಕ್ಷಣಗಳು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದು ಇರುವುದೆಂದು ಅಂದಾಜು. ನಾನು ವೈದ್ಯನಲ್ಲ, ಭಾಷೆ ಸಾಹಿತ್ಯಗಳನ್ನು ಕಲಿಸಿಕೊಂಡು ಬಂದವನು. ಆದ್ದರಿಂದ ನಾನಿಲ್ಲಿ ಹೇಳಹೊರಟಿರುವುದು ಚಿಕಿತ್ಸೆಯ ಕ್ರಮವನ್ನಲ್ಲ, ಚಿಕಿತ್ಸೆಯ ಚರಿತ್ರೆಯನ್ನು. ಸುಮಾರು ಮುನ್ನೂರು ವರ್ಷಗಳ ಈ ಚರಿತ್ರೆಯಲ್ಲಿ ಒಂದು ಹಳೆಯ ಮಾತು ಸುಳ್ಳಾಗುತ್ತ ಬಂದದ್ದು ಹೇಗೆಂಬುದೇ ನನ್ನ ಕುತೂಹಲ.

ಮೊದಲು ನಮ್ಮ ಪ್ರಾಚೀನರು ಹೇಳಿದ್ದನ್ನು ನೆನೆಯೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಕೂಡಿಬರಬೇಕೆಂದು ಹೇಳಿದೆ. ಹದವಾದ ಕಾಲ, ಹೊಲ, ನೀರು, ಬೀಜ ಇವು ಸೇರಿದಾಗ ಮೊಳಕೆ ಮೂಡುವಂತೆ ಗರ್ಭವೂ ಮೂಡುತ್ತದೆ ಎಂಬುದು ಆ ಹೋಲಿಕೆ. ಅದೇ ಗ್ರಂಥ ಸ್ತ್ರೀಯರ ವ್ಯಾಧಿಗಳನ್ನು ಎಣಿಸುವಾಗ ‘ವಂಧ್ಯಾ’ ಎಂಬುದನ್ನು ಒಂದು ವ್ಯಾಧಿಯಾಗಿ ಹೆಸರಿಸಿ, ಆರ್ತವ ನಷ್ಟವಾಗುವುದು ಅದರ ಲಕ್ಷಣವೆಂದು ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಶಾಸ್ತ್ರಕಾರನಿಗೆ ಅದು ವ್ಯಾಧಿಯ ಹೆಸರಾಗಿತ್ತು. ಜನರ ಬಾಯಲ್ಲಿ ಅದು ವ್ಯಕ್ತಿಯ ಹೆಸರಾಗಿಹೋಯಿತು. ವ್ಯಾಧಿಗಾದರೆ ಮದ್ದನ್ನು ಹುಡುಕುತ್ತೇವೆ. ವ್ಯಕ್ತಿಯನ್ನೇ ವ್ಯಾಧಿಯೆಂದು ಕರೆದಮೇಲೆ ಹುಡುಕುವ ಕೆಲಸವೇ ನಿಂತುಬಿಡುತ್ತದೆ.

ಈಗ ದೇಹದೊಳಗಿನ ಸಂಗತಿಯನ್ನು ಸ್ವಲ್ಪ ನೋಡೋಣ. ಹೆಣ್ಣಿನ ಎರಡು ಅಂಡಾಶಯಗಳಲ್ಲಿ ಅಂಡಗಳನ್ನು ಹೊತ್ತ ಪುಟ್ಟ ಪುಟ್ಟ ಕೋಶಗಳಿರುತ್ತವೆ. ತಿಂಗಳು ತಿಂಗಳೂ ಇವುಗಳಲ್ಲಿ ಕೆಲವು ಬೆಳೆಯತೊಡಗುತ್ತವೆ. ಕೊನೆಗೆ ಸಾಮಾನ್ಯವಾಗಿ ಒಂದೇ ಒಂದು ಪೂರ್ಣವಾಗಿ ಮಾಗಿ, ಒಡೆದು, ತನ್ನಲ್ಲಿರುವ ಅಂಡವನ್ನು ಹೊರಕ್ಕೆ ಬಿಡುತ್ತದೆ. ಇದಕ್ಕೆ ಅಂಡೋತ್ಸರ್ಗವೆಂದು ಹೆಸರು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನುಗಳು ಈ ಕೆಲಸವನ್ನು ನಡೆಸುತ್ತವೆ. ಪಿ.ಸಿ.ಓ.ಎಸ್. ಇರುವವರಲ್ಲಿ ಕೋಶಗಳು ಬೆಳೆಯತೊಡಗುತ್ತವೆ. ಆದರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತವೆ. ಹಾಗೆ ನಿಂತವುಗಳು ಅಂಡಾಶಯದ ಅಂಚಿನಲ್ಲಿ ಮಣಿಗಳನ್ನು ಪೋಣಿಸಿದಂತೆ ಕಾಣುತ್ತವೆ. ಇವನ್ನೇ ಹಿಂದಿನವರು ಗಂತಿಗಳೆಂದು ಬಗೆದು, ‘ಬಹುಗಂತಿಗಳ ಅಂಡಾಶಯ’ ಎಂಬರ್ಥದ ಹೆಸರನ್ನಿಟ್ಟರು. ವಾಸ್ತವವಾಗಿ ಅವು ರೋಗದ ಗಂತಿಗಳಲ್ಲ, ಮಾಗದೆ ಉಳಿದ ಅಂಡಕೋಶಗಳು. ಬರಡೆಂದು ಜನ ಕರೆದ ಒಡಲಿನಲ್ಲಿ ಬೀಜವು ಇತರರಿಗಿಂತ ಹೆಚ್ಚಾಗಿಯೇ ಇತ್ತು! ಸುಶ್ರುತನ ಮಾತಿನಲ್ಲಿ ಹೇಳುವುದಾದರೆ ಅಲ್ಲಿ ಬೀಜವಿತ್ತು, ಕ್ಷೇತ್ರವಿತ್ತು. ಋತು ಮಾತ್ರ ಕೂಡಿಬರುತ್ತಿರಲಿಲ್ಲ.

ಈ ಅಂಡಾಶಯವನ್ನು ಮೊದಲು ಕಂಡು ಬರೆದಿಟ್ಟವನು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಆಂಟೋನಿಯೋ ವಲ್ಲಿಸ್ನೇರಿ. 1721ರಲ್ಲಿ ಅವನು ಒಬ್ಬ ರೈತಹೆಂಗಸಿನ ವಿಷಯ ಬರೆದ. ಪ್ರಾಯದವಳು, ಮದುವೆಯಾದವಳು, ತುಸು ಸ್ಥೂಲಕಾಯಳು, ಮಕ್ಕಳಿಲ್ಲದವಳು. ಅವಳ ಅಂಡಾಶಯಗಳು ದೊಡ್ಡದಾಗಿ, ಉಬ್ಬುತಗ್ಗಾಗಿ, ಬೆಳ್ಳಗೆ ಹೊಳೆಯುತ್ತ ಪಾರಿವಾಳದ ಮೊಟ್ಟೆಗಳಂತಿದ್ದುವೆಂದು ಅವನ ವರ್ಣನೆ. ಸಸ್ತನಿಗಳ ಅಂಡವನ್ನು ಆಗಿನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ. ಅದನ್ನು ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಕಂಡದ್ದು 1827ರಲ್ಲಿ. ಹಾಗಾಗಿ ವಲ್ಲಿಸ್ನೇರಿಯ ಮಾತು ಒಂದು ವರ್ಣನೆಯಾಗಿಯೇ ಉಳಿಯಿತು. ಆ ರೈತಹೆಂಗಸಿನ ಹೆಸರು ನಮಗೆ ಉಳಿದುಬಂದಿಲ್ಲ. ಆದರೆ ಊರು ಅವಳ ಮೇಲೆ ಹೊರಿಸಿರಬಹುದಾದ ದೋಷಕ್ಕೆ ದೇಹದೊಳಗೆ ಒಂದು ಕಾರಣವಿರಬಹುದೆಂದು ತೋರಿಸಿದ ಮೊದಲ ಸಾಕ್ಷಿ ಅವಳೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಅರಿವಳಿಕೆ ಬಂದು ಹೊಟ್ಟೆಯನ್ನು ಕೊಯ್ಯುವುದು ಸಾಧ್ಯವಾದಮೇಲೆ ವೈದ್ಯರ ಕೈ ಅಂಡಾಶಯದವರೆಗೂ ಹೋಯಿತು. ಹೋದ ಕೈ ವಿವೇಕದಿಂದ ವರ್ತಿಸಿತೆಂದು ಹೇಳುವಂತಿಲ್ಲ. 1872ರಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದ ರಾಬರ್ಟ್ ಬ್ಯಾಟಿ ಎಂಬ ವೈದ್ಯ ಮುಟ್ಟಿನ ತೊಂದರೆಗಳಿಗೆ ಪರಿಹಾರವೆಂದು ಅಂಡಾಶಯಗಳನ್ನೇ ಕಿತ್ತುಹಾಕುವ ಕ್ರಮವನ್ನು ತಂದ. ಆಮೇಲಿನ ದಶಕಗಳಲ್ಲಿ ಅಮೆರಿಕ ಯೂರೋಪುಗಳ ಅನೇಕ ಹೆಂಗಸರು, ನೋವಿನ ಹೆಸರಿನಲ್ಲಿಯೂ ಮನೋವಿಕಾರದ ಹೆಸರಿನಲ್ಲಿಯೂ, ಈ ಕತ್ತಿಗೆ ತಮ್ಮ ಅಂಡಾಶಯಗಳನ್ನು ಒಪ್ಪಿಸಬೇಕಾಯಿತು. ಕಾಯಿಲೆ ಹೋದರೆ ಹೋಯಿತು, ತಾಯಿಯಾಗುವ ದಾರಿ ಅಲ್ಲಿಗೆ ಮುಗಿಯಿತು. ಕ್ರಮೇಣ, ಅಂಗವನ್ನೆಲ್ಲ ತೆಗೆಯುವ ಬದಲು ಒಂದು ಭಾಗವನ್ನು ಮಾತ್ರ ತೆಗೆಯಬಾರದೆ ಎಂಬ ವಿಚಾರ ಬೆಳೆಯಿತು.

ಇಲ್ಲಿಂದ ಚರಿತ್ರೆ ಷಿಕಾಗೋ ನಗರಕ್ಕೆ ಬರುತ್ತದೆ. ಅಲ್ಲಿಯ ಮೈಕೇಲ್ ರೀಸ್ ಆಸ್ಪತ್ರೆಯಲ್ಲಿ ಇರ್ವಿಂಗ್ ಸ್ಟೈನ್, ಮೈಕೇಲ್ ಲೆವೆಂಥಾಲ್ ಎಂಬ ಇಬ್ಬರು ವೈದ್ಯರಿದ್ದರು. ಮುಟ್ಟು ನಿಂತುಹೋದ ಕೆಲವು ಹೆಂಗಸರ ಅಂಡಾಶಯಗಳನ್ನು ಪರೀಕ್ಷಿಸಲೆಂದು ಅವರು ಅದರ ಚೂರುಗಳನ್ನು ಕೊಯ್ದು ತೆಗೆದರು. ಉದ್ದೇಶವಿದ್ದದ್ದು ನೋಡುವುದಕ್ಕೆ. ಆದರೆ ಹಾಗೆ ಕೊಯ್ಸಿಕೊಂಡವರಿಗೆ ಮತ್ತೆ ಮುಟ್ಟು ಕಾಣಿಸಿಕೊಂಡಿತು! ಆಗ ಅವರು ಅದನ್ನೇ ಚಿಕಿತ್ಸೆಯಾಗಿ ಮಾಡಿ, ಒಂದೊಂದು ಅಂಡಾಶಯದಲ್ಲಿಯೂ ಅರ್ಧದಿಂದ ಮುಕ್ಕಾಲು ಭಾಗದವರೆಗೆ ತೆಗೆದರು. 1935ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಇದ್ದದ್ದು ಕೇವಲ 7 ಮಂದಿ ಹೆಂಗಸರ ವೃತ್ತಾಂತ. ಏಳು ಮಂದಿಗೂ ಮುಟ್ಟು ಕ್ರಮಕ್ಕೆ ಬಂತು, ಇಬ್ಬರು ಗರ್ಭಿಣಿಯರಾದರು. ಹಲವು ದಶಕಗಳ ಕಾಲ ಈ ಸ್ಥಿತಿಗೆ ಸ್ಟೈನ್-ಲೆವೆಂಥಾಲ್ ಸಿಂಡ್ರೋಮ್ ಎಂದೇ ಹೆಸರಾಗಿತ್ತು.

ಅಂಡಾಶಯದ ದಪ್ಪ ಹೊದಿಕೆಯನ್ನು ಭೇದಿಸಿ ಅಂಡ ಹೊರಬರಲಾರದು, ಕೊಯ್ದರೆ ದಾರಿಯಾಗುತ್ತದೆ ಎಂದು ಆ ವೈದ್ಯರು ತರ್ಕಿಸಿದ್ದರು. ತರ್ಕ ಸರಿಯಾಗಿರಲಿಲ್ಲ, ಫಲ ಮಾತ್ರ ಸರಿಯಾಗಿತ್ತು. ಆ ಅಂಡಾಶಯಗಳು ಗಂಡುಹಾರ್ಮೋನುಗಳನ್ನು ಮಿತಿಮೀರಿ ತಯಾರಿಸುತ್ತವೆ, ಒಂದು ಭಾಗವನ್ನು ತೆಗೆದಾಗ ಆ ತಯಾರಿಕೆ ತಗ್ಗಿ ಮೆದುಳಿಗೂ ಅಂಡಾಶಯಕ್ಕೂ ನಡುವಣ ಸಂವಾದ ಮತ್ತೆ ಕುದುರುತ್ತದೆ ಎಂಬುದು ಆಮೇಲೆ ತಿಳಿದುಬಂತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಕೊಯ್ದ ಜಾಗದಲ್ಲಿ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು, ಅಂಡ ಸಾಗಬೇಕಾದ ನಾಳವೇ ಕೆಲವರಲ್ಲಿ ಕಟ್ಟಿಹೋಗುತ್ತಿತ್ತು. ಒಂದು ಬಾಗಿಲು ತೆರೆಯಿತೆನ್ನುವಷ್ಟರಲ್ಲಿ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಮುಂದೆ 1984ರಲ್ಲಿ ನಾರ್ವೆಯ ಹಾಲ್ವಾರ್ಡ್ ಯೋನೆಸ್ ಎಂಬ ವೈದ್ಯ, ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ ಲ್ಯಾಪರೊಸ್ಕೋಪಿನ ಸಣ್ಣ ರಂಧ್ರದ ಮೂಲಕ ವಿದ್ಯುತ್ತಿನ ಕಾವಿನಿಂದ ಅಂಡಾಶಯದ ಕೆಲವು ಬಿಂದುಗಳನ್ನು ಮಾತ್ರ ಸುಡುವ ಕ್ರಮವನ್ನು ತೋರಿಸಿದ. ಔಷಧಿಗೆ ಬಗ್ಗದ ಕೆಲವರಿಗೆ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಔಷಧಿಗಳ ಕಥೆ ಇನ್ನೂ ವಿಚಿತ್ರ. 1956ರಲ್ಲಿ ಅಮೆರಿಕದ ಸಿನ್ಸಿನ್ಯಾಟಿಯ ಮೆರೆಲ್ ಕಂಪೆನಿಯಲ್ಲಿ ಫ್ರಾಂಕ್ ಪಾಲೊಪೊಲಿ ಮತ್ತು ಸಂಗಡಿಗರು ಕ್ಲೊಮಿಫೀನ್ ಎಂಬ ರಾಸಾಯನಿಕವನ್ನು ತಯಾರಿಸಿದರು. ಇಲಿಗಳಿಗೆ ಕೊಟ್ಟುನೋಡಿದಾಗ ಅದು ಗರ್ಭವನ್ನು ತಡೆಯುವಂತೆ ತೋರಿತು. ಹೆಂಗಸರಿಗೆ ಕೊಟ್ಟಾಗ ಆದದ್ದು ತದ್ವಿರುದ್ಧ! ಜಾರ್ಜಿಯಾದ ರಾಬರ್ಟ್ ಗ್ರೀನ್‌ಬ್ಲಾಟ್ ಮತ್ತು ಸಹೋದ್ಯೋಗಿಗಳು 1961ರಲ್ಲಿ, ಈ ಮಾತ್ರೆ ನಿಂತುಹೋದ ಅಂಡೋತ್ಸರ್ಗವನ್ನು ಮತ್ತೆ ಆರಂಭಿಸುತ್ತದೆಂದು ವರದಿ ಮಾಡಿದರು. ಈಸ್ಟ್ರೊಜೆನ್ ಎಂಬ ಹೆಣ್ಣುಹಾರ್ಮೋನು ಮೆದುಳಿನಲ್ಲಿ ಕುಳಿತುಕೊಳ್ಳುವ ಜಾಗವನ್ನು ಈ ಮಾತ್ರೆ ಆಕ್ರಮಿಸಿಕೊಳ್ಳುತ್ತದೆ; ಮೈಯಲ್ಲಿ ಈಸ್ಟ್ರೊಜೆನ್ ಸಾಲದೆಂದು ಭ್ರಮಿಸಿದ ಮೆದುಳು ಅಂಡಾಶಯಕ್ಕೆ ಇನ್ನಷ್ಟು ಬಲವಾದ ಆಜ್ಞೆಯನ್ನು ಕಳಿಸುತ್ತದೆ. 1967ರಲ್ಲಿ ಅಮೆರಿಕದ ಸರ್ಕಾರ ಇದಕ್ಕೆ ಅನುಮತಿ ಕೊಟ್ಟಿತು. ಅಲ್ಲಿಂದ ಮುಂದೆ ಐದು ದಿನಗಳ ಮಾತ್ರೆಯೊಂದು ಶಸ್ತ್ರಚಿಕಿತ್ಸೆಯ ಸ್ಥಾನವನ್ನು ಬಹುಮಟ್ಟಿಗೆ ಪಡೆದುಕೊಂಡಿತು.

ಮಾತ್ರೆಗೆ ಒಲಿಯದವರಿಗಾಗಿ ಚುಚ್ಚುಮದ್ದು ಬಂತು. ಸ್ವೀಡನ್ನಿನ ಕಾರ್ಲ್ ಜೆಮ್ಜೆಲ್ 1958ರಲ್ಲಿ ಮೃತದೇಹಗಳ ಪಿಟ್ಯುಟರಿ ಗ್ರಂಥಿಯಿಂದ ಹಾರ್ಮೋನನ್ನು ತೆಗೆದು ಅಂಡೋತ್ಸರ್ಗವನ್ನು ಸಾಧಿಸಿದ. ರೋಮಿನ ಸೆರೊನೊ ಸಂಸ್ಥೆಯ ಪಿಯೆರೊ ದೊನೀನಿ ಬೇರೊಂದು ದಾರಿಯನ್ನು ಹಿಡಿದಿದ್ದ. ಮುಟ್ಟು ನಿಂತ ವಯಸ್ಸಿನ ಸ್ತ್ರೀಯರಲ್ಲಿ ಈ ಹಾರ್ಮೋನು ಹೇರಳವಾಗಿ ಹುಟ್ಟಿ ಮೂತ್ರದಲ್ಲಿ ಹೊರಹೋಗುತ್ತದೆ. ಆ ಮೂತ್ರದಿಂದಲೇ ಅದನ್ನು ಶೋಧಿಸಿ ತೆಗೆಯಬಹುದೆಂದು ಅವನು ತೋರಿಸಿದ. ಇಸ್ರೇಲಿನ ಬ್ರೂನೊ ಲೂನೆನ್‌ಫೆಲ್ಡ್ ಅದನ್ನು ಚಿಕಿತ್ಸೆಗೆ ತಂದ. ಅದರ ಫಲವಾದ ಮೊದಲ ಶಿಶು 1962ರಲ್ಲಿ ಜನಿಸಿತು. ಇಷ್ಟೊಂದು ಮೂತ್ರವನ್ನು ಸಂಗ್ರಹಿಸಿದ್ದೆಲ್ಲಿ? ಇಟಲಿಯ ವೃದ್ಧ ಸನ್ಯಾಸಿನಿಯರ ಮಠಗಳಲ್ಲಿ! ಬ್ರಹ್ಮಚರ್ಯವ್ರತವನ್ನು ತೊಟ್ಟು ಬಾಳನ್ನೆಲ್ಲ ಕಳೆದ ಆ ತಾಯಂದಿರ ದೇಹದಿಂದ, ತಾವೆಂದೂ ಕಾಣದ ಹೆಂಗಸರಿಗೆ ಮಾತೃತ್ವದ ಮದ್ದು ದೊರೆಯಿತು. ಕವಿಗಳು ಕಲ್ಪಿಸಲು ಹಿಂಜರಿಯುವಂಥದನ್ನು ಚರಿತ್ರೆ ಎಷ್ಟೋ ವೇಳೆ ಸಂಕೋಚವಿಲ್ಲದೆ ಮಾಡಿಬಿಡುತ್ತದೆ.

ಈ ಮಾರ್ಗವೂ ನಿಷ್ಕಂಟಕವಾಗಿರಲಿಲ್ಲ. ಮೃತದೇಹಗಳಿಂದ ತೆಗೆದ ಹಾರ್ಮೋನು ಪಡೆದವರಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲವು ಹೆಂಗಸರು, ಎಷ್ಟೋ ವರ್ಷಗಳ ನಂತರ ಕ್ರಾಯ್ಟ್ಸ್‌ಫೆಲ್ಡ್-ಯಾಕೊಬ್ ಎಂಬ ಮಾರಕವಾದ ಮೆದುಳಿನ ರೋಗದಿಂದ ಸತ್ತರು. 1985ರಲ್ಲಿ ಅಲ್ಲಿ ಆ ಚಿಕಿತ್ಸೆಯನ್ನು ನಿಲ್ಲಿಸಲಾಯಿತು. ಮೂತ್ರದಿಂದ ತೆಗೆದ ಔಷಧಿಯಲ್ಲಿ ಆ ಅಪಾಯ ಕಂಡುಬರಲಿಲ್ಲ. ಆದರೆ ಪಿ.ಸಿ.ಓ.ಎಸ್. ಇರುವವರಿಗೆ ಅದನ್ನು ಧಾರಾಳವಾಗಿ ಕೊಟ್ಟಾಗ, ಅರ್ಧದಲ್ಲಿ ನಿಂತಿದ್ದ ಕೋಶಗಳೆಲ್ಲ ಒಟ್ಟಿಗೆ ಎದ್ದುನಿಂತವು. ಅವಳಿ ತ್ರಿವಳಿ ಗರ್ಭಗಳಾದವು. ಕೆಲವರ ಹೊಟ್ಟೆಯಲ್ಲಿ ನೀರು ತುಂಬಿ ಪ್ರಾಣಕ್ಕೆ ಸಂಚಕಾರ ಬಂತು. ತುಂಬಿದ ಕಣಜಕ್ಕೆ ಕಿಡಿ ತಾಕಿಸಿದಂತಾಯಿತು. 1980ರ ದಶಕದಲ್ಲಿ ವೈದ್ಯರು ಅಲ್ಪ ಪ್ರಮಾಣದಿಂದ ಮೊದಲುಮಾಡಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ಮೆಲ್ಲಮೆಲ್ಲನೆ ಏರಿಸುವ ಕ್ರಮವನ್ನು ರೂಢಿಸಿಕೊಂಡರು. ಇಂಥ ಅಂಡಾಶಯಕ್ಕೆ ಬೇಕಾದದ್ದು ಅಬ್ಬರದ ಆಜ್ಞೆಯಲ್ಲ, ತಾಳ್ಮೆಯ ಪ್ರೇರಣೆ ಎಂಬ ಪಾಠ ಹೀಗೆ ಮನದಟ್ಟಾಯಿತು.

ಈ ನಡುವೆ ಬೇರೊಂದು ದಿಕ್ಕಿನಿಂದ ಬೆಳಕು ಬಿತ್ತು. 1921ರಷ್ಟು ಹಿಂದೆಯೇ ಪ್ಯಾರಿಸಿನ ಅಶಾರ್ ಮತ್ತು ಥಿಯೆರ್ಸ್ ಎಂಬ ವೈದ್ಯರು ಮುಖದ ಮೇಲೆ ಗಡ್ಡ ಮೂಡಿದ ಹೆಂಗಸರಲ್ಲಿ ಮಧುಮೇಹವಿರುವುದನ್ನು ಗುರುತಿಸಿದ್ದರು. ಆ ಸೂಚನೆ ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. 1980ರಲ್ಲಿ ಅಮೆರಿಕದ ಬರ್ಗೆನ್, ಗಿವೆನ್ಸ್, ಕಿತಾಬ್ಚಿ ಎಂಬ ಮೂವರು, ಪಿ.ಸಿ.ಓ.ಎಸ್. ಇರುವವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವುದನ್ನೂ, ಅದಕ್ಕೂ ಗಂಡುಹಾರ್ಮೋನಿಗೂ ಸಂಬಂಧವಿರುವುದನ್ನೂ ತೋರಿಸಿದರು. ಅಂದರೆ ದೋಷ ಅಂಡಾಶಯದ ಒಂದರದ್ದೇ ಅಲ್ಲ. ಅನ್ನವನ್ನು ಅರಗಿಸಿ ಸಕ್ಕರೆಯನ್ನು ಹಂಚುವ ಇಡೀ ದೇಹದ ವ್ಯವಹಾರದಲ್ಲಿಯೇ ಒಂದು ತೊಡಕಿದೆ. 1994ರಲ್ಲಿ ವೆನೆಜುವೆಲಾದ ವೈದ್ಯರು ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನನ್ನು ಈ ಸ್ಥಿತಿಗೆ ಕೊಟ್ಟುನೋಡಿದರು. ಜಗತ್ತಿನಾದ್ಯಂತ ದೊಡ್ಡ ಆಸೆ ಹುಟ್ಟಿತು. ಆದರೆ 2007ರಲ್ಲಿ 626 ಮಂದಿ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ, ಕ್ಲೊಮಿಫೀನ್ ಪಡೆದವರಲ್ಲಿ ನೂರಕ್ಕೆ 22.5 ಮಂದಿಗೂ, ಮೆಟ್‌ಫಾರ್ಮಿನ್ ಮಾತ್ರವೇ ಪಡೆದವರಲ್ಲಿ ನೂರಕ್ಕೆ 7.2 ಮಂದಿಗೂ ಮಕ್ಕಳಾದವು. ಮಧುಮೇಹದ ಮಾತ್ರೆ ದೇಹಕ್ಕೆ ಒತ್ತಾಸೆಯೇ ಹೊರತು ಮಗುವನ್ನು ತರುವ ಮುಖ್ಯ ಮದ್ದಲ್ಲವೆಂದು ತೋರಿತು.

ಆಹಾರ ವ್ಯಾಯಾಮಗಳ ಮಹತ್ವವೂ ಇದೇ ಕಾಲದಲ್ಲಿ ಸ್ಪಷ್ಟವಾಯಿತು. ಆಸ್ಟ್ರೇಲಿಯಾದ ಅಡಿಲೇಡಿನ ವೈದ್ಯರು, ಅಂಡೋತ್ಸರ್ಗವಾಗದಿದ್ದ 67 ಮಂದಿ ಸ್ಥೂಲಕಾಯದ ಹೆಂಗಸರನ್ನು ಗುಂಪಾಗಿ ಕೂಡಿಸಿ ಆರು ತಿಂಗಳು ಆಹಾರ ವ್ಯಾಯಾಮಗಳ ಶಿಸ್ತಿನಲ್ಲಿ ನಡೆಸಿದರು. ಅವರಲ್ಲಿ 60 ಮಂದಿಗೆ ಅಂಡೋತ್ಸರ್ಗ ತಾನಾಗಿಯೇ ಆರಂಭವಾಯಿತೆಂದು 1998ರಲ್ಲಿ ವರದಿ ಮಾಡಿದರು. ಇದನ್ನು ಕೇಳಿ, ದಪ್ಪಗಿರುವುದೇ ಅಪರಾಧವೆಂದು ಮನೆಯ ಹೆಣ್ಣುಮಕ್ಕಳನ್ನು ಹಂಗಿಸಲು ಯಾರೂ ಹೊರಡಬಾರದು. ತೆಳ್ಳಗಿರುವವರಲ್ಲಿಯೂ ಈ ಸ್ಥಿತಿ ಉಂಟು. ಹಳೆಯ ತೀರ್ಪಿನ ಜಾಗದಲ್ಲಿ ಹೊಸ ತೀರ್ಪನ್ನು ತಂದು ಕೂರಿಸಿದರೆ ಚರಿತ್ರೆಯಿಂದ ನಾವು ಕಲಿತದ್ದೇನು?

ಇನ್ನು, ಈಗ ಮೊದಲ ಆಯ್ಕೆಯೆನಿಸಿರುವ ಲೆಟ್ರೊಜೋಲ್ ಮಾತ್ರೆಯ ಸಂಗತಿ. ಇದು ಸ್ತನದ ಕ್ಯಾನ್ಸರಿಗೆಂದು ಬಂದ ಔಷಧಿ. ದೇಹ ಈಸ್ಟ್ರೊಜೆನ್ ತಯಾರಿಸುವುದನ್ನೇ ಇದು ಕೆಲಕಾಲ ತಡೆಯುತ್ತದೆ. ಆಗ ಮೆದುಳು ಎಚ್ಚೆತ್ತು ಅಂಡಾಶಯವನ್ನು ಪ್ರೇರಿಸುತ್ತದೆ. ಕೆನಡಾದ ಟೊರಾಂಟೋ ನಗರದ ಮಿತ್ವಲ್ಲಿ ಮತ್ತು ಕ್ಯಾಸ್ಪರ್ ಇದನ್ನು 2001ರಲ್ಲಿ ಪ್ರಕಟಿಸಿದರು. 2005ರಲ್ಲಿ, ಈ ಮಾತ್ರೆಯಿಂದ ಹುಟ್ಟಿದ ಮಕ್ಕಳಲ್ಲಿ ಅಂಗದೋಷಗಳು ಹೆಚ್ಚೆಂಬ ಆತಂಕದ ವರದಿಯೊಂದು ಮಾಂಟ್ರಿಯಲ್ ಸಮ್ಮೇಳನದಲ್ಲಿ ಕೇಳಿಬಂತು. ಮರುವರ್ಷವೇ 911 ಶಿಶುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನವೊಂದು ಆ ಆತಂಕಕ್ಕೆ ಆಧಾರವಿಲ್ಲವೆಂದು ತೋರಿಸಿತು. ಆದರೂ ಸಂಶಯ ಸತ್ಯಕ್ಕಿಂತ ದೀರ್ಘಾಯು. ನಮ್ಮ ಭಾರತ ಸರ್ಕಾರ 2011ರಲ್ಲಿ ಸಂತಾನ ಚಿಕಿತ್ಸೆಗೆ ಈ ಮಾತ್ರೆಯನ್ನು ಬಳಸುವುದನ್ನು ನಿಷೇಧಿಸಿತು. 2014ರಲ್ಲಿ ಅಮೆರಿಕದಲ್ಲಿ 750 ಮಂದಿ ಪಿ.ಸಿ.ಓ.ಎಸ್. ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಐದು ತಿಂಗಳ ಸರದಿಗಳೊಳಗೆ ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ 27.5 ಮಂದಿಗೂ ಕ್ಲೊಮಿಫೀನ್ ಪಡೆದವರಲ್ಲಿ 19.1 ಮಂದಿಗೂ ಮಕ್ಕಳಾದವು. ನಮ್ಮಲ್ಲಿ ನಿಷೇಧ ತೆರವಾದದ್ದು 2017ರಲ್ಲಿ. ನಡುವಣ ವರ್ಷಗಳಲ್ಲಿ ನಮ್ಮ ನಾಡಿನ ಹೆಂಗಸರಿಗೆ ಉತ್ತಮವಾದ ಮಾತ್ರೆ ಅಂಗಡಿಯಲ್ಲಿದ್ದೂ ನ್ಯಾಯಬದ್ಧವಾಗಿ ದಕ್ಕುವಂತಿರಲಿಲ್ಲ. ಶಿಶುವಿನ ಕ್ಷೇಮಕ್ಕಾಗಿ ಎಚ್ಚರ ವಹಿಸುವುದು ಸರಿ. ಎಚ್ಚರಕ್ಕೆ ಕಾರಣವಿಲ್ಲವೆಂದು ತಿಳಿದಮೇಲೂ ವರ್ಷಗಟ್ಟಲೆ ತಡಮಾಡುವುದು, ವಯಸ್ಸೆಂಬ ಗಡುವಿನೊಡನೆ ಹೋರಾಡುವ ಹೆಣ್ಣಿಗೆ ಸಣ್ಣ ನಷ್ಟವಲ್ಲ.

ಎಲ್ಲವೂ ವಿಫಲವಾದಾಗ ಪ್ರನಾಳ ಶಿಶುವಿನ ದಾರಿಯಿದೆ. ಇಲ್ಲಿ ನಮ್ಮ ದೇಶದ ಒಬ್ಬ ನತದೃಷ್ಟ ವಿಜ್ಞಾನಿಯನ್ನು ಸ್ಮರಿಸಬೇಕು. ಕಲ್ಕತ್ತೆಯ ಸುಭಾಷ್ ಮುಖರ್ಜಿ 1978ರ ಅಕ್ಟೋಬರ್ 3ರಂದು ಜನಿಸಿದ ಪ್ರನಾಳ ಶಿಶುವಿಗೆ ಕಾರಣರಾದವರು. ಭ್ರೂಣವನ್ನು ಶೈತ್ಯದಲ್ಲಿ ಕಾದಿರಿಸಿ, ಬಳಿಕ ತಾಯಿಯ ಗರ್ಭಕ್ಕೆ ಸೇರಿಸಿದೆನೆಂದು ಅವರು ಹೇಳಿದಾಗ ಸರ್ಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅವರ ಟಿಪ್ಪಣಿಗಳನ್ನು ಪರಿಶೀಲಿಸಿದ ಟಿ. ಸಿ. ಆನಂದ್ ಕುಮಾರ್ ಎಂಬ ವಿಜ್ಞಾನಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಆ ಕೀರ್ತಿಯನ್ನು ಅವರಿಗೆ ಮರಳಿ ಸಲ್ಲಿಸಿದರು. ಮುಖರ್ಜಿಯವರು ಚಿಕಿತ್ಸೆ ಮಾಡಿದ ತಾಯಿಯ ತೊಂದರೆ ಬೇರೆಯಾಗಿತ್ತು. ಆದರೆ ಭ್ರೂಣವನ್ನು ಶೈತ್ಯದಲ್ಲಿ ಕಾಯ್ದು ತಡವಾಗಿ ಸೇರಿಸುವ ಆ ಕ್ರಮವೇ ಪಿ.ಸಿ.ಓ.ಎಸ್. ಇರುವವರಿಗೆ ವಿಶೇಷವಾಗಿ ಹಿತವೆಂದು 2016ರಲ್ಲಿ ಚೀನಾದಲ್ಲಿ 1508 ಮಂದಿಯ ಮೇಲೆ ನಡೆದ ಪರೀಕ್ಷೆ ತೋರಿಸಿತು. ಮಕ್ಕಳಾದವರ ಪ್ರಮಾಣ ನೂರಕ್ಕೆ 42ರಿಂದ 49.3ಕ್ಕೆ ಏರಿತು, ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ 7.1ರಿಂದ 1.3ಕ್ಕೆ ಇಳಿಯಿತು.

ಚರಿತ್ರೆಯನ್ನು ಹೀಗೆ ಹಿಂತಿರುಗಿ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ನೋಡಲೆಂದು ಹಿಡಿದ ಕತ್ತಿ, ಗರ್ಭವನ್ನು ತಡೆಯುವಂತೆ ತೋರಿದ ಮಾತ್ರೆ, ಸನ್ಯಾಸಿನಿಯರ ಮೂತ್ರ, ಕ್ಯಾನ್ಸರಿನ ಔಷಧಿ – ಇವು ಎಷ್ಟೇ ಭಿನ್ನವಾಗಿದ್ದರೂ, ಇವುಗಳಲ್ಲಿ ಯಾವುದೂ ಆ ಒಡಲಿಗೆ ಹೊರಗಿನಿಂದ ಬೀಜವನ್ನು ತಂದುಕೊಡಲಿಲ್ಲ. ಇದ್ದ ಬೀಜಕ್ಕೆ ಋತುವನ್ನು ಒದಗಿಸಿಕೊಟ್ಟವು, ಅಷ್ಟೆ. ಬಂಜೆಯೆಂದು ಕರೆಸಿಕೊಂಡು ಕಣ್ಣೀರಿನಲ್ಲಿ ಕಾಲ ಕಳೆದ ನಮ್ಮ ಅಜ್ಜಿಯರ, ಅತ್ತೆಯರ ಕಾಲದಲ್ಲಿ ಎಷ್ಟು ಮಂದಿಗೆ ಇದೊಂದೇ ಕೊರತೆಯಿತ್ತೋ, ಲೆಕ್ಕವಿಟ್ಟವರಿಲ್ಲ.

ಚಿಕಿತ್ಸೆ ಪಡೆದವರಿಗೆಲ್ಲ ಮಕ್ಕಳಾಗುತ್ತವೆಂದು ನಾನು ಹೇಳಲಾರೆ. ಮೇಲೆ ಕೊಟ್ಟ ಅಂಕಿಗಳೇ ಅದನ್ನು ಅಲ್ಲಗಳೆಯುತ್ತವೆ. ಹಲವು ಸರದಿಗಳ ನಂತರವೂ ಮಡಿಲು ತುಂಬದವರು ಇರುತ್ತಾರೆ. ಅವರ ನೋವಿಗೆ ಸಂಖ್ಯೆಗಳು ಸಮಾಧಾನ ಹೇಳಲಾರವು. ಮನೆಯವರ ಮಾತು ಹೇಳಬಲ್ಲದು. ಮಗಳ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಮುಚ್ಚಿಡದೆ ವೈದ್ಯರಲ್ಲಿಗೆ ಕರೆದೊಯ್ಯುವ ತಾಯಿ, ಸೊಸೆಯನ್ನು ಪರೀಕ್ಷೆಗೆ ಕಳಿಸುವಾಗ ಮಗನನ್ನೂ ಜೊತೆಯಲ್ಲಿ ಕಳಿಸುವ ಅತ್ತೆ, ಇವರು ಈ ಚರಿತ್ರೆಯ ಮುಂದಿನ ಅಧ್ಯಾಯವನ್ನು ಬರೆಯಬೇಕಾದವರು. ‘ಬಂಜೆ’ ಎಂಬ ಶಬ್ದವನ್ನು ನಿಘಂಟಿನಿಂದ ತೆಗೆದುಹಾಕುವ ಅಧಿಕಾರ ನನಗಿಲ್ಲ, ತೆಗೆಯಬೇಕೆಂಬ ಹಟವೂ ಇಲ್ಲ; ಹಳೆಯ ಹಾಡುಗಳನ್ನು ಓದುವವರಿಗೆ ಅದರ ಅರ್ಥ ಬೇಕಾಗುತ್ತದೆ. ಹಾಡಿನ ಹೊರಗೆ, ನೆರೆಮನೆಯ ಹೆಣ್ಣೊಬ್ಬಳನ್ನು ಕುರಿತು ಆ ಮಾತನ್ನಾಡುವ ಹಕ್ಕು ಮಾತ್ರ ಈ ಮುನ್ನೂರು ವರ್ಷಗಳ ಕಥೆಯನ್ನು ಕೇಳಿದ ಯಾರಿಗೂ ಉಳಿದಿಲ್ಲ.